ದಮ್ಮು ಅಂದುಕೊಂಡ ಉಸಿರು: ವಾಂತಿ-ಭೇದಿಯ ಒಂದು ರಾತ್ರಿಯ ಪ್ರಕರಣ ಅಧ್ಯಯನ

ಮೇ ತಿಂಗಳು, ರಾತ್ರಿ 9.40. ಕಲ್ಯಾಣ ಕರ್ನಾಟಕದ ಒಂದು ತಾಲೂಕು ಆಸ್ಪತ್ರೆ. ಟಂಟಂ ಗಾಡಿಯಿಂದ ಒಬ್ಬ ಅಜ್ಜಿಯನ್ನು ಮಗ ಎರಡೂ ಕೈಯಲ್ಲಿ ಎತ್ತಿಕೊಂಡೇ ಒಳಗೆ ಬಂದ. "ಸಿಸ್ಟರ್, ನಮ್ಮ ಅವ್ವಗ ದಮ್ಮ ಹತ್ತೇತ್ರಿ, ಲಗೂನ ನೋಡ್ರಿ" ಅಂದ.

ನೋಡಿದರೆ ನಿಜವಾಗಿಯೂ ಜೋರಾಗಿ ಉಸಿರಾಡುತ್ತಿದ್ದರು. ನಮ್ಮ ಜೊತೆ ಇದ್ದ ಹೊಸ ಸಿಸ್ಟರ್ ಆಗಲೇ ನೆಬುಲೈಸರ್ ಮಾಸ್ಕ್ ಕೈಗೆ ತೆಗೆದುಕೊಂಡಿದ್ದರು. ನಾನೂ ಹೂಂ ಅಂದಿದ್ದೆ. ಮಾಸ್ಕ್ ಹಾಕುವ ಮುಂಚೆ ಸುಮ್ನೆ ಒಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಎರಡೂ ಕಡೆ ಗಾಳಿ ಚೆನ್ನಾಗಿ ಹೋಗುತ್ತಿತ್ತು. ಸುಂಯ್ ಅನ್ನುವ ಸದ್ದಿಲ್ಲ, ಗೊರಗೊರ ಇಲ್ಲ. ರಕ್ತದಲ್ಲಿನ ಆಮ್ಲಜನಕದ ಮಟ್ಟ, ಅಂದರೆ ಸ್ಯಾಚುರೇಶನ್, 97. ದಮ್ಮು ಇರುವವರು ಉಸಿರಿಗೆ ಒದ್ದಾಡುತ್ತಾರೆ, ಎದ್ದು ಕೂರಿಸಿ ಅಂತಾರೆ. ಇವರು ಅಂಗಾತ ಮಲಗಿಯೇ ಆಳವಾಗಿ, ಒಂದೇ ಸಮನೆ, ಕುಲುಮೆಯ ತಿದಿ ಒತ್ತಿದ ಹಾಗೆ ಉಸಿರು ಎಳೆದು ಬಿಡುತ್ತಿದ್ದರು. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿದೆ. 34.

ಮಾಸ್ಕ್ ಕೆಳಗಿಡಿ ಅಂದೆ. ಆ ರಾತ್ರಿ ನಾವು ಮಾಡಿದ ಮೊದಲ ಒಳ್ಳೆಯ ಕೆಲಸ ಅದೇ ಅಂತ ಈಗಲೂ ನಂಬಿದ್ದೇನೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ರೋಗಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ

ವಯಸ್ಸು 62. ಎರಡು ದಿನದ ಹಿಂದೆ ಪಕ್ಕದೂರಿನಲ್ಲಿ ಮದುವೆ ಊಟ. ಮಾರನೇ ದಿನ ಬೆಳಗಿನ ಜಾವದಿಂದ ಭೇದಿ. ಮಗನ ಮಾತಲ್ಲೇ ಹೇಳುವುದಾದರೆ, "ನಿನ್ನಿಯಿಂದ ಸಂಡಾಸ ಹತ್ಯಾವ್ರಿ, ನೀರ ನೀರ. ಹದಿನೈದು ಸಲಾ ಆತ್ರಿ." ವಾಂತಿ ಐದಾರು ಸಲ. ಏನು ಕುಡಿದರು ಅಂತ ಕೇಳಿದೆ. ಚಹಾ, ಬರೀ ನೀರು. ಓಆರ್‌ಎಸ್ ಒಂದು ಪ್ಯಾಕೆಟ್ ತಂದಿದ್ದರು, ಉಪ್ಪುಪ್ಪು ಅಂತ ಬಿಟ್ಟಿದ್ದರು. ಕೊನೆಯ ಸಲ ಮೂತ್ರ ಹೋಗಿದ್ದು ಬೆಳಿಗ್ಗೆ, ಅದೂ ಸ್ವಲ್ಪ.

ಗುಳಿಗೆ ಏನು ತಗೋತಾರೆ ಅಂದಿದ್ದಕ್ಕೆ ಮಗ ಪ್ಲಾಸ್ಟಿಕ್ ಕವರ್ ತೆಗೆದ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಸೇರಿದ ಒಂದೇ ಗುಳಿಗೆ. ಇವತ್ತು ಬೆಳಿಗ್ಗೆಯೂ ಎರಡನ್ನೂ ನುಂಗಿದ್ದಾರೆ. "ಬಿಪಿ ಗುಳಿಗಿ ಒಂದ ದಿನಾನೂ ಬಿಡಬ್ಯಾಡ್ರಿ ಅಂದಿದ್ರು ನೀವ." ನಾವೇ ಹೇಳಿದ್ದು ನಿಜ. ಆದರೆ ಭೇದಿಯಲ್ಲಿ ನೀರು, ಸೋಡಿಯಂ, ಪೊಟ್ಯಾಸಿಯಂ ಹೋಗುತ್ತಿರುವಾಗ ಥಯಜೈಡ್ ಅದೇ ಮೂರನ್ನೂ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಟೆಲ್ಮಿಸಾರ್ಟನ್ ಇದ್ದಾಗ, ಬಿಪಿ ಬಿದ್ದರೂ ಮೂತ್ರಪಿಂಡಕ್ಕೆ ತನ್ನನ್ನು ತಾನು ಕಾಯ್ದುಕೊಳ್ಳುವುದು ಕಷ್ಟ. ಕವರ್‌ನಲ್ಲಿ ಬಿಪಿ-ಸಕ್ಕರೆ ಕಾರ್ಡೂ ಇತ್ತು. ಹೋದ ತಿಂಗಳ ತೂಕ 50 ಕೆಜಿ. ಆ ಒಂದು ಅಂಕಿ ಇಡೀ ರಾತ್ರಿ ನಮ್ಮ ಕೈ ಹಿಡಿಯಿತು.

ಕೈ, ಕಣ್ಣು, ನಾಲಿಗೆ

ನಾಡಿ 126, ದಾರದ ಹಾಗೆ ಸಣ್ಣ. ಬಿಪಿ 78/50. ಅಂಗೈ ತಣ್ಣಗೆ. ಉಗುರು ಒತ್ತಿ ಬಿಟ್ಟರೆ ಬಣ್ಣ ವಾಪಸ್ ಬರಲು 4 ಸೆಕೆಂಡ್. ಕಣ್ಣು ಗುಳಿ ಬಿದ್ದಿದ್ದವು. ಮಲಗಿದ್ದರೂ ಕತ್ತಿನ ನರ ಕಾಣುತ್ತಿರಲಿಲ್ಲ, ಅಂದರೆ ರಕ್ತನಾಳದಲ್ಲಿ ತುಂಬಿಕೊಳ್ಳುವಷ್ಟು ದ್ರವವೇ ಇಲ್ಲ.

ಹೊಸ ಸಿಸ್ಟರ್ ಮುಂಗೈ ಚರ್ಮ ಎಳೆದು ನೋಡುತ್ತಿದ್ದರು. ವಯಸ್ಸಾದವರಲ್ಲಿ ಇದು ಮೋಸ ಮಾಡುತ್ತದೆ. ಚರ್ಮವೇ ಸಡಿಲ, ಆರೋಗ್ಯವಾಗಿದ್ದರೂ ನಿಧಾನಕ್ಕೇ ಇಳಿಯುತ್ತದೆ. ಎದೆಮೂಳೆಯ ಮೇಲೆ ಅಥವಾ ಹಣೆಯಲ್ಲಿ ನೋಡಬೇಕು. ಎದೆಮೂಳೆಯ ಮೇಲೆ ಎಳೆದ ಮಡಿಕೆ 3 ಸೆಕೆಂಡ್ ಹಾಗೇ ನಿಂತಿತ್ತು. ಬಾಯಿಂದ ಉಸಿರಾಡುವವರ ನಾಲಿಗೆ ಹೇಗೂ ಒಣಗಿರುತ್ತದೆ, ಅದೊಂದನ್ನೇ ನಂಬುವಂತಿಲ್ಲ. ಹಾಗಾಗಿ ಕಂಕುಳಿಗೂ ಕೈ ಹಾಕಿ ನೋಡಿದೆ. ಮೇ ತಿಂಗಳ ಸೆಕೆಯಲ್ಲಿ ಕಂಕುಳು ಪೂರಾ ಒಣಗಿತ್ತು.

ಈಗ ಉಸಿರಿಗೆ ಬರೋಣ. ದೇಹದಲ್ಲಿ ಆಮ್ಲ ಜಾಸ್ತಿಯಾದಾಗ (ಇದಕ್ಕೇ ಆಸಿಡೋಸಿಸ್ ಅನ್ನುವುದು) ಅದನ್ನು ಬೇಗ ಕಡಿಮೆ ಮಾಡುವ ದಾರಿ ಶ್ವಾಸಕೋಶ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋದಷ್ಟೂ ರಕ್ತದ ಆಮ್ಲತೆ ಇಳಿಯುತ್ತದೆ. ಮೂತ್ರಪಿಂಡವೂ ಈ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಗಂಟೆ, ದಿನಗಳು ಬೇಕು. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮಾಲ್ 1874ರಲ್ಲಿ ಸಕ್ಕರೆ ಕಾಯಿಲೆಯವರಲ್ಲಿ ಇಂಥ ಆಳ ಉಸಿರನ್ನು ಬರೆದಿಟ್ಟರು. ಅದಕ್ಕೇ ನಾವು ಕುಸ್ಮಾಲ್ ಉಸಿರಾಟ ಅನ್ನುತ್ತೇವೆ. ಭೇದಿಯಲ್ಲಿ ಇದು ಬರುವುದು ಬೇರೆ ದಾರಿಯಿಂದ. ಕರುಳಿನ ನೀರಿನಲ್ಲಿ ಬೈಕಾರ್ಬನೇಟ್ ಇರುತ್ತದೆ, ಆಮ್ಲವನ್ನು ಹಿಡಿದಿಡುವ ವಸ್ತು ಅದೇ. ಅದು ಭೇದಿಯಲ್ಲಿ ಹರಿದುಹೋದರೆ ಆಮ್ಲದ ಕೈ ಮೇಲಾಗುತ್ತದೆ. ಬಿಪಿ ಬಿದ್ದು ಅಂಗಾಂಗಗಳಿಗೆ ರಕ್ತ ಸಾಲದಾದಾಗ ಲ್ಯಾಕ್ಟಿಕ್ ಆಮ್ಲ (ರಿಪೋರ್ಟಿನಲ್ಲಿ ಲ್ಯಾಕ್ಟೇಟ್) ಬೇರೆ ಸೇರಿಕೊಳ್ಳುತ್ತದೆ.

ಇವರಿಗೆ ಸಕ್ಕರೆ ಕಾಯಿಲೆಯೂ ಇದ್ದಿದ್ದರಿಂದ ಕೀಟೋನ್, ಅಂದರೆ ಆ ಕಾಯಿಲೆ ಹದ ತಪ್ಪಿದಾಗ ಸೇರಿಕೊಳ್ಳುವ ಆಮ್ಲ, ನೋಡಲೇಬೇಕಿತ್ತು. ಬೆರಳು ಚುಚ್ಚಿ ನೋಡಿದ ಸಕ್ಕರೆ 168. ಕ್ಯಾತಿಟರ್ ಹಾಕಿದಾಗ ಬಂದಿದ್ದು 40 ಎಂಎಲ್, ಕಡು ಚಹಾ ಬಣ್ಣ. ಅದರಲ್ಲಿ ಕೀಟೋನ್ ಲವಲೇಶ. ಸಕ್ಕರೆಯ ಆಮ್ಲ ಅಲ್ಲ ಅನ್ನುವುದು ಹತ್ತು ನಿಮಿಷದಲ್ಲೇ ಸ್ಪಷ್ಟವಾಯಿತು.

ಡಾಕ್ಟರಿಗೆ ಫೋನಿನಲ್ಲಿ ನಾನು ಹೇಳಿದ್ದು ಇಷ್ಟು: "ಸರ್, 62 ವರ್ಷ, 50 ಕೆಜಿ, ಭೇದಿ ಒಂದೂವರೆ ದಿನ, ಬಿಪಿ 78/50, ಮೂತ್ರ ಇಲ್ಲದ ಹಾಗೆ. ಎದೆ ಕ್ಲಿಯರ್ ಇದೆ, ಆದರೂ ಉಸಿರು 34, ಆಳವಾಗಿದೆ. ಆಸಿಡೋಸಿಸ್ ಅನ್ನಿಸುತ್ತಿದೆ. ಎರಡು ಲೈನ್ ಹಾಕಿದ್ದೇನೆ, ಆರ್‌ಎಲ್ ಶುರು ಮಾಡಲಾ?" ಮಾಡಿ, ಬಂದೆ ಅಂದರು. (ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್, ಲವಣಗಳಿರುವ ಡ್ರಿಪ್ ದ್ರವ.)

ಯಾವ ಬಾಟಲಿ

ಹೊರಗೆ ನಿಂತಿದ್ದ ನೆಂಟರು "ಗ್ಲೂಕೋಸ್ ಏರಸ್ರಿ, ಶಕ್ತಿ ಬರ್ತೇತಿ" ಅನ್ನುತ್ತಿದ್ದರು. ನಮ್ಮ ಕಡೆ ಯಾವ ಡ್ರಿಪ್ ಹಾಕಿದರೂ ಗ್ಲೂಕೋಸ್ ಅಂತಲೇ ಕರೆಯುತ್ತಾರೆ. ಆದರೆ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಇಂಥ ರೋಗಿಗೆ ಬೇಡವೇ ಬೇಡ. ಸಕ್ಕರೆ ಜೀವಕೋಶದೊಳಗೆ ಹೋಗಿ ಖರ್ಚಾದ ಮೇಲೆ ಉಳಿಯುವುದು ಬರೀ ನೀರು. ಅದು ರಕ್ತನಾಳದಲ್ಲಿ ನಿಲ್ಲುವುದಿಲ್ಲ, ಸೋಡಿಯಂ ಇನ್ನಷ್ಟು ತೆಳುವಾಗುತ್ತದೆ. ಜೊತೆಗೆ ಹೊರಬರುವ ಇನ್ಸುಲಿನ್ ಪೊಟ್ಯಾಸಿಯಂ ಅನ್ನೂ ಕೋಶದೊಳಗೆ ತಳ್ಳುತ್ತದೆ, ರಕ್ತದಲ್ಲಿ ಅದು ಇನ್ನೂ ಕಡಿಮೆಯಾಗುತ್ತದೆ.

ಆರ್‌ಎಲ್‌ನಲ್ಲಿ ಲೀಟರಿಗೆ ಸೋಡಿಯಂ ಸುಮಾರು 130 ಮಿಲಿಮೋಲ್, ಪೊಟ್ಯಾಸಿಯಂ 4, ಲ್ಯಾಕ್ಟೇಟ್ 28. ಈ ಲ್ಯಾಕ್ಟೇಟ್ ಲಿವರಿನಲ್ಲಿ ಬೈಕಾರ್ಬನೇಟ್ ಆಗುತ್ತದೆ. ನಾರ್ಮಲ್ ಸಲೈನ್‌ನಲ್ಲಿ ಸೋಡಿಯಂ 154, ಕ್ಲೋರೈಡೂ 154. ಆರ್‌ಎಲ್ ಇಲ್ಲದಿದ್ದರೆ ಅದನ್ನೇ ಕೊಡಬೇಕು, ಕಾಯುತ್ತಾ ಕೂರಬಾರದು. ಆದರೆ ಅದರ ಕ್ಲೋರೈಡ್ ಜಾಸ್ತಿಯಾದರೆ ಆಮ್ಲತೆ ಇಳಿಯುವುದು ತಡ.

ತೀವ್ರ ನಿರ್ಜಲೀಕರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಕೆಜಿಗೆ 100 ಎಂಎಲ್. ಅದರಲ್ಲಿ 30 ಎಂಎಲ್ ಮೊದಲ ಅರ್ಧ ಗಂಟೆ, ಉಳಿದ 70 ಎಂಎಲ್ ಮುಂದಿನ ಎರಡೂವರೆ ಗಂಟೆ. ನಮ್ಮ ಅಜ್ಜಿಗೆ ಅದು 1500 ಮತ್ತು 3500. ಹಸಿರು ಬಣ್ಣದ 18 ನಂಬರ್ ಕ್ಯಾನುಲಾ ಎರಡೂ ಕೈಗೆ ಹಾಕಿ, ಮೊದಲ 1500 ಓಡಿಸಿದೆವು. ವಯಸ್ಸು, ಬಿಪಿ, ಸಕ್ಕರೆ ಎಲ್ಲ ನೋಡಿ ಉಳಿದಿದ್ದನ್ನು ನಿಧಾನಕ್ಕೆ ಕೊಡೋಣ ಅಂದರು ಡಾಕ್ಟರ್. ಪ್ರತಿ 500 ಎಂಎಲ್‌ಗೆ ಒಮ್ಮೆ ಎದೆಯ ಕೆಳಭಾಗ ಕೇಳಿ, ಗೊರಗೊರ ಬಂದಿಲ್ಲ ಅಂತ ಖಾತ್ರಿ ಮಾಡಿಕೊಂಡು ಮುಂದಿನ ಬಾಟಲಿ ಹಾಕುವುದು ನನ್ನ ಕೆಲಸ. ಭೇದಿಯ ಸ್ಯಾಂಪಲ್ ಲ್ಯಾಬಿಗೆ ಹೋಯಿತು, ಡಾಕ್ಸಿಸೈಕ್ಲಿನ್ ಕೊಟ್ಟೆವು. ಅದೇ ಮದುವೆಯಿಂದ ಇನ್ನಿಬ್ಬರು ಬಂದಿದ್ದರಿಂದ ತಾಲೂಕು ಆರೋಗ್ಯ ಅಧಿಕಾರಿಗಳಿಗೂ ತಿಳಿಸಿದೆವು.

ತಪ್ಪು ಹೇಳಿದ ರಿಪೋರ್ಟ್

10.30ಕ್ಕೆ ಮೊದಲ ರಕ್ತದ ರಿಪೋರ್ಟ್ ಬಂತು. ಪೊಟ್ಯಾಸಿಯಂ 4.6. ನಾರ್ಮಲ್ 3.5ರಿಂದ 5. ಎಲ್ಲರೂ ನಿರಾಳವಾದರು. ನನಗೆ ಅನುಮಾನ. ಇಷ್ಟು ಭೇದಿ, ಮೇಲೆ ಥಯಜೈಡ್, ಅದು ಹೇಗೆ 4.6? ಲ್ಯಾಬಿಗೆ ಫೋನ್ ಮಾಡಿ ಸೀರಂ ಬಣ್ಣ ಹೇಗಿದೆ ಅಂತ ಕೇಳಿದೆ. "ಸ್ವಲ್ಪ ಕೆಂಪಗಿತ್ತು ಸಿಸ್ಟರ್" ಅಂದರು. ರಕ್ತ ತೆಗೆದಿದ್ದು ನಾನೇ. ನರ ಸಿಗದೆ ಟೂರ್ನಿಕೆ ಬಿಗಿಯಾಗಿ ಕಟ್ಟಿದ್ದೆ, ಮುಷ್ಟಿ ಕಟ್ಟಿ ಬಿಡಿ, ಕಟ್ಟಿ ಬಿಡಿ ಅಂದಿದ್ದೆ, ಸಿರಿಂಜ್ ಜೋರಾಗಿ ಎಳೆದಿದ್ದೆ. ಕೆಂಪು ರಕ್ತಕಣ ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಚೆಲ್ಲುತ್ತದೆ. ಮುಷ್ಟಿ ಕಟ್ಟಿ ಬಿಡುವುದರಿಂದ ಸ್ನಾಯುವಿನಿಂದಲೂ ಬರುತ್ತದೆ. ರೋಗಿಯ ರಕ್ತದಲ್ಲಿ ಇಲ್ಲದ ಪೊಟ್ಯಾಸಿಯಂ ಟ್ಯೂಬಿನಲ್ಲಿ ಇತ್ತು.

ಎರಡೂ ಕೈಗೆ ಡ್ರಿಪ್ ಓಡುತ್ತಿತ್ತು. ಡ್ರಿಪ್ ಇರುವ ಕೈಯಿಂದ ರಕ್ತ ತೆಗೆದರೆ ಬಾಟಲಿಯ ದ್ರವ ಬೆರೆತು ಬರುತ್ತದೆ. ಡಾಕ್ಟರ್ ತೊಡೆಸಂದಿನಿಂದ ತೆಗೆದರು. ಈ ಸಲ ಪೊಟ್ಯಾಸಿಯಂ 3.1. ಸೋಡಿಯಂ 128, ಕ್ಲೋರೈಡ್ 104, ಯೂರಿಯಾ 78, ಕ್ರಿಯಾಟಿನಿನ್ 2.1, ಅಂದರೆ ಮೂತ್ರಪಿಂಡವೂ ಸೊರಗಿತ್ತು. ರಕ್ತದ ಆಮ್ಲತೆ, ಅನಿಲ ಅಳೆಯುವ ಎಬಿಜಿ ಪರೀಕ್ಷೆಗೆ ಮಣಿಕಟ್ಟಿನ ಅಪಧಮನಿಯಿಂದಲೂ ರಕ್ತ ತೆಗೆದರು. ಸಿರಿಂಜಿನಲ್ಲಿ ಗಾಳಿ ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು, ನಾನೇ ಓಡಿ ಐಸಿಯುಗೆ ಒಯ್ದೆ. ಪಿಎಚ್ 7.23 (ಇದು ಇಳಿದಷ್ಟೂ ಆಮ್ಲತೆ ಜಾಸ್ತಿ), ಪಿಸಿಓ2, ಅಂದರೆ ರಕ್ತದ ಕಾರ್ಬನ್ ಡೈಆಕ್ಸೈಡ್, 22, ಬೈಕಾರ್ಬನೇಟ್ 9, ಲ್ಯಾಕ್ಟೇಟ್ 3.8.

ಇಲ್ಲಿ ಒಂದು ಲೆಕ್ಕ ಪ್ರತಿ ನರ್ಸಿಗೂ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಬೈಕಾರ್ಬನೇಟ್ ಅನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿ. 9ಕ್ಕೆ 21.5 ಬರುತ್ತದೆ. ಪಿಸಿಓ2 ಅದರ ಆಚೀಚೆ 2ರೊಳಗೆ ಇದ್ದರೆ ಶ್ವಾಸಕೋಶ ತನ್ನ ಪಾಲಿನ ಕೆಲಸ ಸರಿಯಾಗಿ ಮಾಡುತ್ತಿದೆ ಅಂತ ಅರ್ಥ. ಇವರದು 22. ಅಂದರೆ ಆ ಜೋರು ಉಸಿರು ರೋಗ ಅಲ್ಲ, ರೋಗಕ್ಕೆ ದೇಹ ಕೊಟ್ಟ ಉತ್ತರ. ಇದೇ ರೋಗಿಯ ಪಿಸಿಓ2 35 ಇದ್ದಿದ್ದರೆ ನಾನು ಹೆದರುತ್ತಿದ್ದೆ. ನೋಡಲು ಉಸಿರು ಶಾಂತವಾಗಿರುತ್ತಿತ್ತು, ಆದರೆ ಸುಸ್ತಾಗಿ ಸೋಲುತ್ತಿದ್ದಾರೆ ಅಂತ ಅರ್ಥ ಆಗುತ್ತಿತ್ತು.

ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬನೇಟ್ ಎರಡನ್ನೂ ಕಳೆದರೆ 15. ಲ್ಯಾಕ್ಟೇಟ್‌ನಂಥ ಆಮ್ಲ ಸೇರಿದಷ್ಟೂ ಈ ಅಂಕಿ ಏರುತ್ತದೆ. 8ರಿಂದ 12 ಇರಬೇಕಾದದ್ದು ಸ್ವಲ್ಪ ಜಾಸ್ತಿ. ಭೇದಿಯಲ್ಲಿ ಹೋದ ಬೈಕಾರ್ಬನೇಟ್ ದೊಡ್ಡ ಪಾಲು, ಲ್ಯಾಕ್ಟೇಟ್ ಸಣ್ಣ ಪಾಲು. ಮೆಟ್‌ಫಾರ್ಮಿನ್ ಅಂತೂ ನಿಲ್ಲಿಸಿದೆವು. ಮೂತ್ರಪಿಂಡ ಸೊರಗಿದಾಗ ಅದು ದೇಹದಲ್ಲಿ ಉಳಿದುಕೊಂಡು ಲ್ಯಾಕ್ಟೇಟ್ ಏರಿಸಬಹುದು.

"ಸೋಡಾ ಬೈಕಾರ್ಬ್ ಕೊಡೋಣವಾ ಸರ್" ಅಂತ ಹೊಸ ಸಿಸ್ಟರ್ ಕೇಳಿದರು. ಒಳ್ಳೆಯ ಪ್ರಶ್ನೆ. ಡಾಕ್ಟರ್ ಬೇಡ ಅಂದರು. ಪಿಎಚ್ ಅಷ್ಟು ಕೆಳಗಿಲ್ಲ, ದ್ರವ ತುಂಬಿದರೆ ಆಮ್ಲತೆ ತಾನೇ ಸರಿಹೋಗುತ್ತದೆ. ಮುಖ್ಯವಾಗಿ ಪೊಟ್ಯಾಸಿಯಂ 3.1 ಇರುವಾಗ ಬೈಕಾರ್ಬ್ ಕೊಟ್ಟರೆ ಅದು ಇನ್ನೂ ಕೆಳಗೆ ಬೀಳುತ್ತದೆ. ನೆಬುಲೈಸರ್ ಹಾಕಲಿಲ್ಲವಲ್ಲ ಅಂತ ನಾನು ನೆಮ್ಮದಿಪಟ್ಟಿದ್ದು ಆಗಲೇ. ಅದರಲ್ಲಿ ಹಾಕುವ ದಮ್ಮಿನ ಔಷಧಿ ಸಾಲ್ಬುಟಮಾಲ್ ಕೂಡ ಪೊಟ್ಯಾಸಿಯಂ ಅನ್ನು ಕೋಶದೊಳಗೆ ತಳ್ಳುತ್ತದೆ, 126 ಇದ್ದ ನಾಡಿಯನ್ನು ಇನ್ನೂ ಓಡಿಸುತ್ತದೆ.

ಮಗ್ಗಿನ ಗೆರೆ

ಎಷ್ಟು ಹೊರಗೆ ಹೋಗುತ್ತಿದೆ ಅಂತ ಗೊತ್ತಿಲ್ಲದೆ ಎಷ್ಟು ಒಳಗೆ ಹಾಕಬೇಕು ಅಂತ ಹೇಳಲು ಆಗಲ್ಲ, ಅಲ್ವಾ? ಆದರೆ ಭೇದಿಯನ್ನು ಮನೆಯವರು ನಾಚಿಕೆಗೆ ತಕ್ಷಣ ಚೆಲ್ಲಿಬಿಡುತ್ತಾರೆ. ಮಗನನ್ನು ಕರೆದು ಒಂದು ಪ್ಲಾಸ್ಟಿಕ್ ಮಗ್ಗಿನ ಮೇಲೆ ಮಾರ್ಕರ್‌ನಿಂದ 250, 500, 750ಕ್ಕೆ ಗೆರೆ ಹಾಕಿಕೊಟ್ಟೆ. "ಬೆಡ್‌ಪ್ಯಾನಿಂದ ಇದರಾಗ ಸುರುವಿ ನನಗ ತೋರಸ್ರಿ, ಆಮೇಲೆ ಚೆಲ್ರಿ" ಅಂದೆ. ಪ್ಯಾಡ್ ನೆನೆದಿದ್ದರೆ ತೂಗಬೇಕು, ಒಣ ಪ್ಯಾಡಿನ ತೂಕ ಕಳೆದರೆ ಒಂದು ಗ್ರಾಂಗೆ ಒಂದು ಎಂಎಲ್. ಆ ಹುಡುಗ ಬೆಳಗಿನ ತನಕ ಒಂದು ಸಲವೂ ತಪ್ಪಿಸಲಿಲ್ಲ. ಇಂಥ ಮಕ್ಕಳನ್ನು ಕಂಡರೆ ನನಗೆ ಗಂಟಲು ಕಟ್ಟುತ್ತದೆ.

ಪೊಟ್ಯಾಸಿಯಂ ತಕ್ಷಣ ಕೊಡಲಿಲ್ಲ. ಮೂತ್ರ ಬರದ ರೋಗಿಗೆ ಪೊಟ್ಯಾಸಿಯಂ ಕೊಟ್ಟರೆ ಹೊರಗೆ ಹೋಗಲು ದಾರಿ ಇಲ್ಲ. 10.30ಕ್ಕೆ ಚೀಲದಲ್ಲಿ ಹೊಸದಾಗಿ ಬಂದಿದ್ದು ಬರೀ 15 ಎಂಎಲ್. ಬಿಪಿ 94/60, ಉಸಿರು 30. 12 ಗಂಟೆಗೆ 2500 ಎಂಎಲ್ ಒಳಗೆ ಹೋಗಿತ್ತು. ಬಿಪಿ 104/66, ನಾಡಿ 100, ಉಸಿರು 26, ಹಿಂದಿನ ಒಂದು ಗಂಟೆಯ ಮೂತ್ರ 30 ಎಂಎಲ್. ಗಂಟೆಗೆ ಕೆಜಿಗೆ ಅರ್ಧ ಎಂಎಲ್ ಅಂದರೆ ಇವರಿಗೆ 25, ಅದು ದಾಟಿತ್ತು. ಈಗ ಕೊಡಬಹುದು.

ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಆಂಪೂಲ್ 10 ಎಂಎಲ್, ಅದರಲ್ಲಿ 20 ಮಿಲಿಮೋಲ್. ನೋಡಲು ನೀರಿನ ಆಂಪೂಲ್ ಹಾಗೇ ಇರುತ್ತದೆ. ನೇರವಾಗಿ ನರಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಇಬ್ಬರು ನಿಂತು ಲೇಬಲ್ ಗಟ್ಟಿಯಾಗಿ ಓದಿದೆವು. ಬಾಟಲಿ ಸ್ಟ್ಯಾಂಡಿಗೆ ನೇತಾಡುತ್ತಿರುವಾಗ ಕೆಸಿಎಲ್ ಹಾಕುವ ಅಭ್ಯಾಸ ಕೆಲವು ಕಡೆ ಇದೆ, ದಯವಿಟ್ಟು ಮಾಡಬೇಡಿ. ಅದು ಭಾರ, ಕೆಳಗೆ ಇಳಿದು ಬಾಯಿಯ ಹತ್ತಿರ ಕೂರುತ್ತದೆ, ಮೊದಲ ಹನಿಗಳಲ್ಲೇ ಪೂರಾ ಹೋಗುತ್ತದೆ. ಬಾಟಲಿ ಇಳಿಸಿ, ಹಾಕಿ, ಹತ್ತು ಸಲ ತಲೆಕೆಳಗೆ ಮಾಡಿ ಬೆರೆಸಿದೆ. 500 ಎಂಎಲ್ ಆರ್‌ಎಲ್‌ಗೆ ಒಂದು ಆಂಪೂಲ್, ಎರಡು ಗಂಟೆ. ಪಂಪ್ ಇರಲಿಲ್ಲ. ನಮ್ಮ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ, ನಿಮಿಷಕ್ಕೆ 83 ಹನಿ. ಮೊಬೈಲ್ ಟಾರ್ಚ್ ಹಿಡಿದು ಎಣಿಸಿದೆ. ರೋಗಿ ಕೈ ಮಡಚಿದರೂ ಹನಿ ಬದಲಾಗುತ್ತದೆ, ಹಾಗಾಗಿ ಅರ್ಧ ಗಂಟೆಗೊಮ್ಮೆ ಮತ್ತೆ ಎಣಿಕೆ.

ಮೂರು ಗಂಟೆಗೆ

ಮೂರು ಗಂಟೆಗೆ ವಾರ್ಡಿನಲ್ಲಿ ಎಲ್ಲರಿಗೂ ಕಣ್ಣು ಎಳೆಯುತ್ತಿತ್ತು. ಅಜ್ಜಿಯ ಬಿಪಿ 112/70. ಉಸಿರು 22. ಚಾರ್ಟ್ ನೋಡಿದರೆ ಗೆದ್ದ ಹಾಗೆ. ಬೆಡ್‌ಪ್ಯಾನ್ ಇಡಲು ಹೋದಾಗ "ಅವ್ವಾ, ಸೊಂಟ ಸ್ವಲ್ಪ ಎತ್ರಿ" ಅಂದೆ. ಎತ್ತಲಿಲ್ಲ. "ಕಾಲಾಗ ಕಲ್ಲ ಕಟ್ಟಿದಂಗ ಆಗೇತಿ ತಂಗಿ" ಅಂದರು. ಬಂದಾಗ ಬಿಪಿ ಬಿದ್ದಿದ್ದರೂ ಕಾಲು ಆಡಿಸುತ್ತಿದ್ದವರು. ಹೊಟ್ಟೆ ಮುಟ್ಟಿದೆ, ಉಬ್ಬಿತ್ತು. ಕರುಳಿನ ಸದ್ದು ಕ್ಷೀಣ. ನಾಡಿ ನಡುನಡುವೆ ಒಂದು ಬಡಿತ ತಪ್ಪಿಸುತ್ತಿತ್ತು.

ಇಸಿಜಿಯಲ್ಲಿ ಟಿ ಅಲೆ ಮಲಗಿತ್ತು, ಅದರ ಹಿಂದೆ ಯು ಅಲೆ ಎದ್ದಿತ್ತು. ಪೊಟ್ಯಾಸಿಯಂ 2.6. ಕಾಲು, ಕರುಳು, ನಾಡಿ ಮೂರೂ ಸೋತಿದ್ದು ಅದಕ್ಕೇ. ಬೈಕಾರ್ಬನೇಟ್ 15ಕ್ಕೆ ಏರಿತ್ತು, ಲ್ಯಾಕ್ಟೇಟ್ 1.6ಕ್ಕೆ ಇಳಿದಿತ್ತು.

ಕೊಡುತ್ತಿದ್ದರೂ ಯಾಕೆ ಇಳಿಯಿತು? ರಕ್ತದಲ್ಲಿ ಆಮ್ಲ ಜಾಸ್ತಿ ಇದ್ದಾಗ ಜೀವಕೋಶ ಆಮ್ಲವನ್ನು ಒಳಗೆ ತೆಗೆದುಕೊಂಡು ಪೊಟ್ಯಾಸಿಯಂ ಹೊರಗೆ ಬಿಡುತ್ತದೆ. ಹಾಗಾಗಿ ಮೊದಲು ಕಂಡ 3.1 ಕೂಡ ಪೂರ್ತಿ ನಿಜ ಹೇಳಿರಲಿಲ್ಲ. ಆಮ್ಲತೆ ಇಳಿದಂತೆ ಪೊಟ್ಯಾಸಿಯಂ ವಾಪಸ್ ಒಳಗೆ ಹೋಗುತ್ತದೆ. ಭೇದಿಯಲ್ಲಿ ಹೋಗುವುದಂತೂ ನಿಂತಿರಲಿಲ್ಲ. ಉಸಿರು 34ರಿಂದ 22ಕ್ಕೆ ಇಳಿದದ್ದು ಒಳ್ಳೆಯ ಸುದ್ದಿ. ಅದೇ ಇಳಿತ ಪೊಟ್ಯಾಸಿಯಂ ಬೀಳುತ್ತಿರುವ ಹೊತ್ತಿನ ಗುರುತೂ ಹೌದು. ರೋಗಿ ಆರಾಮ ಕಾಣುವಾಗಲೇ ಕಾಲು ಎತ್ತಿಸಿ ನೋಡಬೇಕು.

ಅಜ್ಜಿಯನ್ನು ಮಾನಿಟರ್ ಇರುವ ಬೆಡ್ಡಿಗೆ ಸಾಗಿಸಿದೆವು. ಡ್ರಿಪ್‌ನಲ್ಲಿ ಗಂಟೆಗೆ 10 ಮಿಲಿಮೋಲ್ ಮುಂದುವರಿಯಿತು. ಕೈಯ ನರದಲ್ಲಿ ಅದಕ್ಕಿಂತ ಜೋರು ಬೇಡ ಅಂದರು ಡಾಕ್ಟರ್, ನರ ಉರಿಯುತ್ತದೆ. ವಾಂತಿ ನಿಂತಿತ್ತು, ಆದ್ದರಿಂದ ಪೊಟ್ಯಾಸಿಯಂ ಸಿರಪ್ 15 ಎಂಎಲ್ ಅನ್ನು ಒಂದು ಲೋಟ ನೀರಲ್ಲಿ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದೆವು. ಓಆರ್‌ಎಸ್ ಚಮಚದಲ್ಲಿ ಶುರು. ಬಾಂಗ್ಲಾ ಯುದ್ಧದ ಸಮಯ, 1971ರಲ್ಲಿ, ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆಯ ಇಂಥದ್ದೇ ನೀರನ್ನು ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದರು. ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ದರು. ಇಲ್ಲಿ ಚಮಚ ಹಿಡಿದವನು ಮಗ.

ಬೆಳಿಗ್ಗೆ 6ಕ್ಕೆ ಲೆಕ್ಕ ಹಾಕಿದೆ. ಡ್ರಿಪ್ 4500, ಬಾಯಿಂದ 600. ಮೂತ್ರ 470, ಭೇದಿ 1400. ಒಳಗೆ ಉಳಿದದ್ದು 3230 ಎಂಎಲ್. ಇಬ್ಬರು ಹಿಡಿದು ತಕ್ಕಡಿಯ ಮೇಲೆ ನಿಲ್ಲಿಸಿದೆವು, 49.2 ಕೆಜಿ. ಒಂದು ಲೀಟರ್ ನೀರು ಒಂದು ಕೆಜಿ. ಹಾಗಾದರೆ ಬಂದಾಗ ಸುಮಾರು 46 ಇದ್ದಿರಬೇಕು, 4 ಕೆಜಿ ನೀರು ಒಂದೂವರೆ ದಿನದಲ್ಲಿ ಹೋಗಿತ್ತು. ಉಸಿರು 18. 9 ಗಂಟೆಗೆ ಪೊಟ್ಯಾಸಿಯಂ 3.3. ಸೋಡಿಯಂ 134, ಒಂದು ದಿನಕ್ಕೆ 8ಕ್ಕಿಂತ ಜಾಸ್ತಿ ಏರಬಾರದು ಅಂತ ಇಟ್ಟುಕೊಂಡಿದ್ದ ಮಿತಿಯೊಳಗೇ ಇತ್ತು. ಡ್ಯೂಟಿ ಹಸ್ತಾಂತರಿಸುವಾಗ ಹಗಲಿನ ಸಿಸ್ಟರಿಗೆ ಬಾಯಲ್ಲೂ ಹೇಳಿದೆ, ಬರೆದೂ ಕೊಟ್ಟೆ: ಎರಡು ಗಂಟೆಗೊಮ್ಮೆ ಉಸಿರು ಎಣಿಸಿ, ಕಾಲು ಎತ್ತಿಸಿ ನೋಡಿ, ಮಗ್ಗು ಬದಲಿಸಬೇಡಿ.

ಉಸಿರಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎಷ್ಟೋ ಚಾರ್ಟಿನಲ್ಲಿ ಎಲ್ಲ ರೋಗಿಗಳ ಉಸಿರೂ 20 ಅಂತಲೇ ಇರುತ್ತದೆ. ಯಾರೂ ಎಣಿಸಿರುವುದಿಲ್ಲ. ಕೆಲಸದ ಒತ್ತಡ ನನಗೂ ಗೊತ್ತು, ಒಬ್ಬರಿಗೆ ನಲವತ್ತು ಬೆಡ್ ಇರುವ ರಾತ್ರಿಗಳನ್ನು ನಾನೂ ಕಳೆದಿದ್ದೇನೆ. ಆದರೂ ಎಬಿಜಿ ಮೆಷಿನ್ ಇಲ್ಲದ ಆಸ್ಪತ್ರೆಯಲ್ಲಿ ಆಮ್ಲತೆ ತಿಳಿಯಲು ಮೊದಲು ನಮ್ಮ ಕೈಗೆ ಸಿಗುವುದು ಆ ಒಂದು ನಿಮಿಷವೇ.

ಮನೆಗೆ ಕಳಿಸುವ ದಿನ

ನಾಲ್ಕನೇ ದಿನ ಕ್ರಿಯಾಟಿನಿನ್ 1.0, ಪೊಟ್ಯಾಸಿಯಂ 4.1. ಡಾಕ್ಟರ್ ಬಿಪಿ ಗುಳಿಗೆಯಿಂದ ಥಯಜೈಡ್ ತೆಗೆದರು. ಕಾರ್ಡಿನ ಹಿಂದೆ ಕೆಂಪು ಪೆನ್ನಿನಲ್ಲಿ ಬರೆದೆ: ವಾಂತಿ-ಭೇದಿ ಶುರುವಾದರೆ ಬಿಪಿ, ಸಕ್ಕರೆ ಗುಳಿಗೆ ನುಂಗುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ.

ಓಆರ್‌ಎಸ್ ಹೇಗೆ ಕಲಸಿದ್ದಿರಿ ಅಂತ ಮಗನನ್ನು ಕೇಳಿದೆ. ಒಂದು ಲೋಟಕ್ಕೆ ಇಡೀ ಪ್ಯಾಕೆಟ್ ಹಾಕಿದ್ದನಂತೆ. ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು ಬೇಕು. ಅಷ್ಟು ಉಪ್ಪಿದ್ದರೆ ಯಾರು ತಾನೇ ಕುಡಿಯುತ್ತಾರೆ? ನಮ್ಮನೆ ಚರಿಗಿ ಒಂದು ಲೀಟರ್ ಹಿಡಿತೇತ್ರಿ ಅಂದ. ಊಟ ತಂದಿದ್ದ ಚೀಲದಲ್ಲೇ ಆ ಚರಿಗಿ ಇತ್ತು. ಅಳತೆ ಜಗ್ಗಿನಿಂದ ತುಂಬಿ ನೋಡಿದೆವು, 700 ಎಂಎಲ್‌ಗೇ ತುಳುಕಿತು. ಒಂದು ಲೀಟರಿನ ನೀರಿನ ಬಾಟಲಿ ಕೊಟ್ಟು, ಅದರ ಮೇಲೆ "ಒಂದು ಪ್ಯಾಕೆಟ್" ಅಂತ ಮಾರ್ಕರ್‌ನಲ್ಲಿ ಬರೆದೆ. ಅವನು ನನ್ನ ಮುಂದೆಯೇ ಕಲಸಿದ. ಅಜ್ಜಿ ಒಂದು ಗುಟುಕು ಕುಡಿದು, "ಈಗ ರುಚಿ ಐತಿ" ಅಂದರು.